ಹೊಸ್ತಿಲ ಮೇಲಿನ ಪಾವು

ಉಗ್ರಾಣದಲ್ಲಿ ಕೊಳಗ ಮತ್ತು ಸೇರಿನ ಜೊತೆ ಒಂದು ಪಾವು ಇತ್ತು. ಅಳತೆಯಲ್ಲಿ ದೊಡ್ಡವಾದ ಅವೆರಡೂ ಅದನ್ನು 'ಕುಳ್ಳ' ಎಂದೇ ಕರೆಯುತ್ತಿದ್ದವು. ಪಾವೂ ತನ್ನನ್ನು ಹಾಗೆಯೇ ತಿಳಿದಿತ್ತು.

ಹೊಸ ಸೊಸೆ ಬರುವ ದಿನ ಸೇರು ಸೋರುತ್ತಿದ್ದುದರಿಂದ ಮನೆಯೊಡತಿ ಪಾವಿಗೇ ಅಕ್ಕಿ ತುಂಬಿ ಹೊಸ್ತಿಲ ಮೇಲಿಟ್ಟಳು. ಸೊಸೆ ಅದನ್ನು ಬಲಗಾಲಿನಿಂದ ಉರುಳಿಸಿ ಒಳಬರಬೇಕು. ಅವಳ ಕಾಲುಂಗುರ ಹೊಸದು; ಅದು ಪಾವನ್ನು ಕಂಡು ಹೆದರಿ ಕೇಳಿತು:

"ಅಣ್ಣಾ, ನೀವು ಇಷ್ಟು ದೊಡ್ಡವರು. ನನ್ನಿಂದ ನಿಮ್ಮನ್ನು ಉರುಳಿಸಲು ಆದೀತೇ?"

ಪಾವನ್ನು ಅಣ್ಣ ಎಂದು ಅದುವರೆಗೆ ಯಾರೂ ಕರೆದಿರಲಿಲ್ಲ.

"ಹೆದರಬೇಡ ತಂಗಿ. ನೀನು ಸುಮ್ಮನೆ ಮುಟ್ಟು, ನಾನೇ ಉರುಳುತ್ತೇನೆ."

ಅಕ್ಕಿ ನಡುಮನೆಯವರೆಗೂ ಚೆಲ್ಲಿತು.

ಸಂಜೆ ಉಗ್ರಾಣದಲ್ಲಿ ಕೊಳಗ ಕೇಳಿತು: "ಏನೋ ಕುಳ್ಳ, ಎಲ್ಲಿಗೆ ಹೋಗಿದ್ದೆ?"

"ತಂಗಿಯನ್ನು ಮನೆ ತುಂಬಿಸಿಕೊಳ್ಳಲು," ಎಂದಿತು ಪಾವು.