ನೀರು ಕೊಡದ ಬಾವಿ

ಹಿರೇಮರಡಿಯ ಕಲ್ಮೇಶ್ವರನ ಗುಡಿಯ ಬಲಗಡೆ, ಬೇವಿನ ಮರದ ನೆರಳಿನಲ್ಲಿ, ಮೆಟ್ಟಿಲು ಕಟ್ಟಿದ ಹಳೆಯ ಬಾವಿಯೊಂದಿದೆ. ಬೇಸಿಗೆಯಲ್ಲಿ ಸುತ್ತಲಿನ ಬೋರುಗಳೆಲ್ಲ ಬರೀ ಗಾಳಿ ಉಗುಳುವಾಗಲೂ ಇದರ ನೀರು ತಳ ಕಂಡದ್ದನ್ನು ನಾನು ನೋಡಿಲ್ಲ, ನನ್ನ ಅಜ್ಜನೂ ನೋಡಿರಲಿಲ್ಲವಂತೆ. ಇಂಥ ಬಾವಿಗೆ ಊರವರು ಕರೆಯುವ ಹೆಸರು ನೀರು ಕೊಡದ ಬಾವಿ. ಪೇಟೆಯಿಂದ ಬಂದವರು ಇಣುಕಿ ನೋಡಿ, "ಏನ್ರೀ ಅಜ್ಜಾರ, ತುಂಬಿ ತುಳಕಾಕತ್ತೈತಿ, ಹೆಸರು ನೋಡಿದ್ರ ಹಿಂಗೈತಲ್ಲ?" ಎಂದು ನಗುತ್ತಾರೆ. ನಗಲಿ. ನಕ್ಕು ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ: ರೊಟ್ಟಿ, ಕೆಂಪು ಚಟ್ನಿ, ಬಟಾಟೆ ಪಲ್ಯ, ಶೇಂಗಾ ಹಿಂಡಿ. "ನಮ್ಮ ಮುತ್ತಜ್ಜನ ಕಾಲದ ಊಟರೀ ಇದು" ಎಂದು ಹೆಮ್ಮೆ ಬೇರೆ. ಅಯ್ಯಾ, ನಿಮ್ಮ ಮುತ್ತಜ್ಜನ ಮುತ್ತಜ್ಜ, ಅವನಿಗೂ ಹಿಂದಿನವನ ಮುಂದೆ ಇದನ್ನು ಇಟ್ಟಿದ್ದರೆ ರೊಟ್ಟಿಯೊಂದನ್ನು ಬಿಟ್ಟು ಉಳಿದದ್ದು ಏನೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ಮೆಣಸಿನಕಾಯಿ, ಬಟಾಟೆ, ಶೇಂಗಾ, ಟೊಮೆಟೊ ಎಲ್ಲವೂ ಏಳು ಕಡಲಿನಾಚೆ ಹುಟ್ಟಿ, ಪರಂಗಿಯವರ ಹಡಗೇರಿ ಬಂದು, ಘಟ್ಟ ಹತ್ತಿ ನಮ್ಮ ಒಲೆ ಸೇರಿದವು. ಬಂದವಕ್ಕೆಲ್ಲ ನಾವು ಜಾಗ ಕೊಟ್ಟೆವು. ಆದರೆ ಈ ಊರಿನಲ್ಲಿ ಮೆಣಸಿನಕಾಯಿಯನ್ನು ಮೊದಲು ಒಲೆಗೆ ಹಾಕಿದವಳಿಗೆ ಒಂದು ಗುಟುಕು ನೀರನ್ನೂ ಕೊಡಲಿಲ್ಲ.

ಹಿಂದೆ ಒಮ್ಮೆ, ನಾಡಿಗೆಲ್ಲ ಕರಿಮೆಣಸೇ ಖಾರವಾಗಿದ್ದ ಕಾಲದಲ್ಲಿ, ಗುಡಿಯ ಅಡುಗೆ ಮಾಡುತ್ತಿದ್ದವಳು ದೇಮವ್ವ ಎಂಬ ಹೆಂಗಸು. ಗಂಡ ಸತ್ತ ಮೇಲೆ ಆಕೆಗೆ ಗುಡಿಯ ಒಲೆಯೇ ಸಂಸಾರ. ಊರ ಗೌಡ ಅಡಿವೆಪ್ಪಗೌಡನ ಹೆಂಡತಿ ಸಂಕವ್ವ ಮತ್ತು ಈ ದೇಮವ್ವ ಒಂದೇ ತವರಿನವರು, ಒಂದೇ ಓಣಿಯಲ್ಲಿ ಕುಂಟಾಬಿಲ್ಲೆ ಆಡಿ ಬೆಳೆದವರು. ಗೌಡಸಾನಿಯಾದರೂ ಸಂಕವ್ವ ದಿನಾ ಬೆಳಿಗ್ಗೆ ತಾನೇ ಕೊಡ ಹೊತ್ತು ಬಾವಿಗೆ ಬರುತ್ತಿದ್ದಳು, ಗೆಳತಿಯ ಸಂಗಡ ನಾಲ್ಕು ಮಾತು ಆಡಲಿಕ್ಕೆ. ಶ್ರಾವಣದ ಕಡೆಯ ಸೋಮವಾರ ಕಲ್ಮೇಶ್ವರನಿಗೆ ಎಡೆ ಇಟ್ಟು ಊರಿಗೆಲ್ಲ ಊಟ ಹಾಕುವುದು ಪದ್ಧತಿ. ಆ ಅಡುಗೆಗೊಂದು ಕಟ್ಟುನಿಟ್ಟು: ದೇವರ ಬಾಯಿಗೆ ಮುಟ್ಟುವ ಮೊದಲು ಮನುಷ್ಯರ ನಾಲಿಗೆಗೆ ಮುಟ್ಟಬಾರದು. ಅಡುಗೆಯವಳು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಒಲೆಯ ಮುಂದೆ ನಿಲ್ಲಬೇಕು. ಉಪ್ಪು ಹುಳಿಯನ್ನು ಕೈಯಳತೆಯಿಂದಲೇ ತಿಳಿಯಬೇಕು. ದೇಮವ್ವನ ಕೈ ಒಮ್ಮೆಯೂ ತಪ್ಪಿದ್ದಿಲ್ಲ ಎನ್ನುತ್ತಾರೆ.

ಆ ವರ್ಷ ಕರಾವಳಿಯಲ್ಲಿ ಹಡಗಿನವರಿಗೂ ಅರಸರಿಗೂ ಕಾದಾಟ ಹತ್ತಿ ಕರಿಮೆಣಸು ಘಟ್ಟದ ಮೇಲೆ ಬರಲೇ ಇಲ್ಲ. ಹಬ್ಬ ಹತ್ತಿರ ಬಂದಂತೆ ದೇಮವ್ವನಿಗೆ ಚಡಪಡಿಕೆ. ದೇವರಿಗೆ ಸಪ್ಪನೆಯ ಎಡೆ ಇಡುವುದುಂಟೇ? ಅಷ್ಟರಲ್ಲಿ ಹೇರೆತ್ತುಗಳನ್ನು ಹೊಡೆದುಕೊಂಡು ಉಪ್ಪು ಮಾರಲು ಬಂದ ವ್ಯಾಪಾರಿಯೊಬ್ಬ ಚೀಲ ಬಿಚ್ಚಿ, ಒಣಗಿದ ಕೆಂಪು ಕಾಯಿಗಳನ್ನು ತೋರಿಸಿದ. "ಹಡಗಿನವರು ತಂದದ್ದು ತಾಯಿ. ಕೆಳಗಿನ ಮಂದಿ ಮೆಣಸಿನ ಬದಲಿಗೆ ಇದನ್ನೇ ಹಾಕ್ತಾರೆ" ಎಂದ. ಆದರೆ ಎಷ್ಟು ಹಾಕುತ್ತಾರೆ ಎಂಬುದನ್ನು ಅವನು ಹೇಳಲಿಲ್ಲ, ಇವಳೂ ಕೇಳಲಿಲ್ಲ. ಅಯ್ಯೋ, ಕೇಳಬಾರದಿತ್ತೇ! ಕಾಯಿ ಕುಟ್ಟಿ ಪುಡಿ ಮಾಡಿ, ಪ್ರತಿವರ್ಷ ಕರಿಮೆಣಸಿನ ಪುಡಿ ಹಾಕುತ್ತಿದ್ದ ಅದೇ ಬಟ್ಟಲಿನಿಂದ, ದೇವರ ಕೆಲಸದಲ್ಲಿ ಜಿಪುಣತನ ಯಾಕೆಂದು ತುಸು ಏರಿಸಿಯೇ, ಹುರುಳಿಕಟ್ಟಿನ ಸಾರಿಗೆ ಸುರಿದಳು. ಕಣ್ಣಲ್ಲಿ ಧಾರಾಕಾರ ನೀರು ಬಂತು, ಸೀನು ಬಂತು. ಹಸಿ ಕಟ್ಟಿಗೆಯ ಹೊಗೆ ಎಂದುಕೊಂಡಳು. ಬೇರೆ ದಿನವಾಗಿದ್ದರೆ ಸೌಟು ಎತ್ತಿ ಅಂಗೈಗೆ ಒಂದು ಹನಿ ಹಾಕಿಕೊಂಡು ನೋಡುತ್ತಿದ್ದಳು, ಅಂದು ನೋಡುವಂತಿರಲಿಲ್ಲ.

ಎಡೆ ಏರಿತು, ಪಂಕ್ತಿ ಕೂತಿತು. ಮೊದಲ ತುತ್ತಿಗೇ ಮಕ್ಕಳು ಚೀರಿದವು, ಗಂಡಸರು ಎಲೆ ಬಿಟ್ಟು ಎದ್ದು ಬಾವಿಗೆ ಓಡಿದರು. ನೆಗಡಿಯಿಂದ ಸೊರಗಿದ್ದ ಮುದಿಗೌಡ, ಎಂದರೆ ಗೌಡನ ತಂದೆ, ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡಿ ಉರುಳಿದ. "ವಿಷಾ ಹಾಕಿದಿ ಏನ, ದೇಮಿ?" ಎಂದು ಗೌಡ ಗುಡುಗಿದ. "ಈಕಿ ಕಾಲು ಇನ್ನ ನಮ್ಮ ಬಾವಿ ಮೆಟ್ಟಲ ತುಳೀಬಾರದು. ಯಾರರ ಒಂದ ಹನಿ ನೀರ ಕೊಟ್ರ ಅವರೂ ಊರ ಬಿಡಬೇಕು." ದೇಮವ್ವ ಪಂಕ್ತಿಯ ನಡುವೆ ಬಂದು ಕೂತಳು. "ವಿಷ ಆಗಿದ್ರ ನಾನೂ ಸಾಯ್ತೀನಿ, ನೋಡ್ರಿ" ಎಂದು ಎಲೆ ಹಾಸಿಕೊಂಡು, ನುಚ್ಚಿನ ಮೇಲೆ ಸಾರು ಸುರಿದುಕೊಂಡು ಎಲ್ಲರೆದುರು ಉಣ್ಣತೊಡಗಿದಳು. ತುತ್ತಿನ ಮೇಲೆ ತುತ್ತು. ಮುಖ ಕೆಂಡವಾಯಿತು, ಮೂಗು ಕಣ್ಣು ಸೋರಿದವು. ಎಲೆ ಖಾಲಿಯಾದ ಮೇಲೆ ತಲೆ ಎತ್ತಿ ನೋಡಿದಳು. ಎದುರಿಗೇ ಸಂಕವ್ವ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. "ಸಂಕೀ, ಒಂದ ಗುಟುಕ ಕೊಡಬೇ" ಎಂದಳು ದೇಮವ್ವ. ಸಂಕವ್ವ ಗಂಡನ ಮುಖ ನೋಡಿದಳು. ನೋಡುತ್ತಲೇ ನಿಂತಳು, ಕೊಡ ಇಳಿಸಲಿಲ್ಲ. ಊರೆಲ್ಲ ಬಾಯಿ ತೊಳೆದುಕೊಂಡ ಬಾವಿಯ ಮುಂದೆ, ಆ ಹೆಣ್ಣುಮಗಳು ಸೆರಗಿನಿಂದ ತುಟಿ ಒರೆಸಿಕೊಂಡು, ಎದ್ದು, ಕಣಿವೆಯ ದಾರಿ ಹಿಡಿದು ನಡೆದುಬಿಟ್ಟಳು.

ಸಂಜೆ ಮುದಿಗೌಡ ಎದ್ದು ಕುಳಿತ. ಎಷ್ಟೋ ದಿನದಿಂದ ಕಟ್ಟಿದ್ದ ಮೂಗು ಬಿಟ್ಟಿತ್ತು, ಎದೆ ಹಗುರಾಗಿತ್ತು. "ಆ ಸಾರು ಇನ್ನೊಂದೀಟು ಐತೇನ?" ಎಂದು ಕೇಳಿದನಂತೆ. ಆಗ ಎಲ್ಲರ ಮುಖಕ್ಕೂ ಹೊಡೆದಂತಾಯಿತು. ಗೌಡ ನಾಲ್ಕು ಮಂದಿಯನ್ನು ಕರೆದುಕೊಂಡು, ಸಂಕವ್ವನನ್ನೂ ಮುಂದಿಟ್ಟುಕೊಂಡು ಕಣಿವೆಗೆ ಓಡಿದ. ದೇಮವ್ವ ಉಪ್ಪಿನ ವ್ಯಾಪಾರಿಗಳು ಅಲ್ಲಿ ಹೂಡಿದ್ದ ಬಿಡಾರದಲ್ಲಿದ್ದಳು. "ವಿಷ ಅಲ್ಲಂತ ತಿಳೀತು, ಬಾರವ್ವ ಮನೀಗೆ" ಎಂದು ಗೌಡ ಕೈಮುಗಿದ. "ನಾ ಉಂಡು ತೋರಿಸಿದಾಗ ತಿಳೀಲಿಲ್ಲ, ನಿಮ್ಮಪ್ಪ ಎದ್ದು ಕುಂತಾಗ ತಿಳೀತೇನ್ರಿ ಗೌಡ್ರ?" ಎಂದಳು ಆಕೆ. ಸಂಕವ್ವ ತಂದಿದ್ದ ತಂಬಿಗೆಯನ್ನು ಮುಂದೆ ಹಿಡಿದಳು. "ಈಗ ನೀರಡಿಕಿಲ್ಲಬೇ ಸಂಕಿ" ಎಂದು ದೇಮವ್ವ ಮೆಲ್ಲಗೆ ಅದನ್ನು ಹಿಂದೆ ಸರಿಸಿದಳು. ಬೆಳಗಾಗುವುದರೊಳಗೆ ಹೇರೆತ್ತುಗಳ ಹಿಂದೆ ಘಟ್ಟ ಇಳಿದು ಹೋದಳು. ಮುಂದೆ ಎಲ್ಲಿ ಬಾಳಿದಳೋ, ಎಲ್ಲಿ ಮಣ್ಣಾದಳೋ, ಯಾರೂ ಬಲ್ಲವರಿಲ್ಲ.

ಊರಿಗೇನು, ನಾಲಿಗೆಗೆ ರುಚಿ ಹತ್ತಿತು. ಮೊದಲು ಚಿಟಿಕೆ, ಆಮೇಲೆ ಹಿಡಿ, ಆಮೇಲೆ ಹೊಲಗಟ್ಟಲೆ. ಕೆಲವೇ ವರ್ಷಗಳಲ್ಲಿ ಕೆಂಪು ಕಾಯಿ ಒಣಹಾಕದ ಮಾಳಿಗೆ ಈ ಸೀಮೆಯಲ್ಲಿ ಉಳಿಯಲಿಲ್ಲ. ಸಂಕವ್ವ ಮಾತ್ರ ಸಾಯುವ ತನಕ ಸಪ್ಪನೆಯದನ್ನೇ ಉಂಡಳು, ಆ ಬಾವಿಯ ನೀರನ್ನೂ ಮುಟ್ಟಲಿಲ್ಲ. ಸೊಸೆಯಂದಿರು ನೀರು ತಂದಿಟ್ಟರೆ, "ಯಾವುದರದು? ನೀರು ಕೊಡದ ಬಾವೀದೇನ?" ಎಂದು ಕೇಳುತ್ತಿದ್ದಳು. ಆಕೆಯ ಬಾಯಿಂದಲೇ ಆ ಹೆಸರು ಊರ ಬಾಯಿಗೆ ಬಂತು. ಮುಪ್ಪಿನಲ್ಲಿ ಕಲ್ಲುಕುಟಿಗನೊಬ್ಬನನ್ನು ಕರೆಸಿ, ಬಾವಿಯ ಬಳಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡ ಒಂದು ಹೆಣ್ಣಿನ ಕಲ್ಲು ನಿಲ್ಲಿಸಲು ಹೇಳಿದಳು. "ನೀರ ಸುರುವೂ ಹಂಗ ಕೆತ್ತಲೇನ್ರಿ ಅವ್ವಾರ? ಛಂದ ಕಾಣತೈತಿ" ಎಂದನಂತೆ ಅವನು. "ಸುರುವಿದ್ರ ಹಂಗ ಕೆತ್ತಪ್ಪ. ಆಕಿ ಸುರುವಿಲ್ಲ" ಎಂದಳು ಸಂಕವ್ವ.

ಆ ಕಲ್ಲು ಇಂದಿಗೂ ಬಾವಿಯ ಮೊದಲ ಮೆಟ್ಟಿಲ ಪಕ್ಕದಲ್ಲಿದೆ. ಮಳೆ ಬಿಸಿಲಿಗೆ ಮೂಗು ಸವೆದಿದೆ, ಮುಖ ಕಣಿವೆಯ ಕಡೆಗಿದೆ. ಬಂದ ಹೆಂಗಸರು ಗಂಗವ್ವನೆಂದು ತಿಳಿದು ಅರಿಶಿನ ಕುಂಕುಮ ಏರಿಸಿ, ಹಸಿರು ಬಳೆ ಇಟ್ಟು, ಮನೆಯಲ್ಲಿ ನೀರಿಗೆ ಬರ ಬಾರದಿರಲೆಂದು ಬೇಡಿಕೊಳ್ಳುತ್ತಾರೆ. ಅದು ಗಂಗವ್ವನಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರು ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಅವಳು ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ನಿಂತೇ ಇದ್ದಾಳೆ.