ನಾರ್ವೆಗೆ ಹೋದ ಎಲೀಷ

ಬೆಟಗೇರಿಯ ರೂತವ್ವನಿಗೆ ಒಬ್ಬನೇ ಮಗ, ಎಲೀಷ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. “ಹಾಲು ನೋಡ್ಕೋತ ಕುಂದ್ರು” ಅಂದರೆ, ಹಾಲು ಉಕ್ಕಿ ಒಲೆ ಆರಿಹೋಗುವವರೆಗೂ ಕೂತು ನೋಡುತ್ತಿದ್ದ.

“ಇಳಸಬಾರದೇನೋ ಪೆದ್ದಾ!”

“ನೋಡು ಅಂದಿ. ಇಳಸು ಅಂದಿ ಏನಬೇ?”

ರೂತವ್ವ ಆಸ್ಪತ್ರೆಯಲ್ಲಿ ಆಯಾ. ಮಗ ನರ್ಸ್ ಆಗಬೇಕು ಅನ್ನುವುದೊಂದೇ ಅವಳ ಆಸೆ. ಎಲೀಷನನ್ನು ನರ್ಸಿಂಗ್‌ಗೆ ಸೇರಿಸಿದಳು. ಅವನು ಪುಸ್ತಕದಲ್ಲಿದ್ದದ್ದನ್ನು ಇದ್ದ ಹಾಗೇ ಪರೀಕ್ಷೆಯಲ್ಲಿ ಬರೆದ. ಕಾಲೇಜಿಗೇ ಮೊದಲು ಬಂದ! ಮೊದಲು ಬಂದವರನ್ನು ಒಂದು ಸೆಮಿಸ್ಟರ್ ಓದಲು ನಾರ್ವೆ ದೇಶಕ್ಕೆ ಕಳಿಸುವುದು ಆ ಕಾಲೇಜಿನ ಪದ್ಧತಿ. ಅಲ್ಲಿ ಪಾಸಾಗಿ ಬಂದರೆ ನರ್ಸ್. ಇಲ್ಲದಿದ್ದರೆ ಮತ್ತೆ ಹಾಲು ನೋಡುವ ಕೆಲಸ.

ಹೊರಡುವಾಗ ರೂತವ್ವ ಮಗನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು. ಆಮೇಲೆ ಬುದ್ಧಿ ಹೇಳಿದಳು.

“ವಯಸ್ಸಾದವರು ಭಾರ ಹೊತ್ತಿದ್ರ ನೋಡ್ಕೋತ ನಿಂದರಬ್ಯಾಡ ಮಗಾ. ಇಸ್ಕೋ.”

“ಹೂಂ ಬೇ. ಹಂಗ ಮಾಡ್ತೀನಿ.”

ನಾರ್ವೆಯಲ್ಲಿ ವಿಮಾನ ಇಳಿದ. ಎದುರಿಗೇ ಒಬ್ಬ ಮುದುಕಿ ಚೀಲ ಹೊತ್ತು ಹೊರಟಿದ್ದಳು. ಎಲೀಷ ಓಡಿಹೋಗಿ ಚೀಲ ಇಸ್ಕೊಂಡ. ಇಸ್ಕೊಂಡವನು ನಡೆದೇಬಿಟ್ಟ!

“ಕಳ್ಳ! ಕಳ್ಳ!”

ಇವನನ್ನು ಕರೆದೊಯ್ಯಲು ಆಸ್ಪತ್ರೆಯಿಂದ ಸಿಸ್ಟರ್ ಸೋಲ್ವಿ ಬಂದಿದ್ದಳು. ಇವನು ಕಲಿಯಬೇಕಾದ ವಾರ್ಡಿಗೆ ಅವಳೇ ಮುಖ್ಯಸ್ಥೆ. ಹೂಗುಚ್ಛ ಹಿಡಿದು ಬಂದವಳು ಪೊಲೀಸರ ಕೈಕಾಲು ಹಿಡಿದು ಇವನನ್ನು ಬಿಡಿಸಿಕೊಂಡಳು.

ಎಲೀಷ ಫೋನು ಮಾಡಿದ. ರೂತವ್ವ ಹಣೆ ಬಡಿದುಕೊಂಡಳು.

“ಕೇಳದ ಮುಟ್ತಾರೇನೋ! ಮದಲ ಹೆಸರು ಹೇಳು, ಊರು ಹೇಳು, ‘ಮುಟ್ಟಲೇನ್ರಿ’ ಅಂತ ಕೇಳು. ಹೂಂ ಅಂದಮ್ಯಾಲ ಮುಟ್ಟು.”

“ಹೂಂ ಬೇ. ಹಂಗ ಮಾಡ್ತೀನಿ.”

ಮರುದಿನ ವಾರ್ಡಿಗೆ ಹೋದ. ಒಬ್ಬ ಅಜ್ಜ ಮಂಚದಿಂದ ಏಳಲು ಹೋಗಿ ಜಾರತೊಡಗಿದ. ಎಲೀಷ ಓಡಿದ. ಓಡಿಹೋಗಿ ಅಜ್ಜನ ಮುಂದೆ ಕೈಮುಗಿದು ನಿಂತ.

“ನಮಸ್ಕಾರ ರೀ. ನಾನು ಎಲೀಷ. ನಮ್ಮೂರು ಬೆಟಗೇರಿ...”

“ಬೀಳ್ತಿದ್ದೀನಿ ಮಾರಾಯಾ!”

“...ಗದಗಿನ ಹತ್ರ ಬರ್ತದ. ನಿಮ್ಮನ್ನ ಮುಟ್ಟಲೇನ್ರಿ?”

ಗದಗ ಬರುವಷ್ಟರಲ್ಲಿ ಅಜ್ಜ ನೆಲದ ಮೇಲಿದ್ದ. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಸಿಸ್ಟರ್ ಸೋಲ್ವಿಯ ಮುಖ ಕೆಂಡವಾಯಿತು.

ಎಲೀಷ ಫೋನು ಮಾಡಿದ. ರೂತವ್ವ ಹಣೆ ಬಡಿದುಕೊಂಡಳು.

“ಬೀಳೋರನ್ನ ಕೇಳ್ತಾರೇನೋ! ಮೊಣಕಾಲು ಬಾಗಿದ್ದು ಕಂಡ್ರ ಸಾಕು, ಓಡಿಹೋಗಿ ನಡಕ್ಕ ಕೈಹಾಕಿ ಎತ್ತಿಬಿಡು!”

“ಹೂಂ ಬೇ. ಹಂಗ ಮಾಡ್ತೀನಿ.”

ಭಾನುವಾರ ಬಂತು. ಎಲೀಷ ಚರ್ಚಿಗೆ ಹೋದ. ಸಿಸ್ಟರ್ ಸೋಲ್ವಿಯೂ ಬಂದಿದ್ದಳು. ಪಾದ್ರಿ ಪೀಠದ ಮುಂದೆ ಬಂದು, ಕೈಜೋಡಿಸಿ, ಮೆಲ್ಲಗೆ ಮೊಣಕಾಲು ಬಾಗಿಸಿದರು. ಎಲೀಷ ಬೆಂಚು ಹಾರಿ ಓಡಿದ! ನಡಕ್ಕೆ ಕೈಹಾಕಿದ! ಎತ್ತಿಬಿಟ್ಟ!

“ಬಿಡಪ್ಪಾ! ಪ್ರಾರ್ಥನೆ ಮಾಡ್ಬೇಕು!”

“ಹೆದರಬ್ಯಾಡ್ರಿ ಪಾಸ್ಟರ್, ನಾ ಹಿಡದೀನಿ!”

ಪಾದ್ರಿ ಮತ್ತೆ ಮೊಣಕಾಲೂರಿದರು. ಎಲೀಷ ಮತ್ತೆ ಎತ್ತಿದ. ಕೊನೆಗೆ ಪಾದ್ರಿ ನಿಂತೇ ಪ್ರಾರ್ಥನೆ ಮುಗಿಸಿದರು.

ಸಿಸ್ಟರ್ ಸೋಲ್ವಿ ಇವನನ್ನು ಹೊರಗೆ ಕರೆದಳು. “ನೀನು ಕೆಟ್ಟವನಲ್ಲ, ಗೊತ್ತು. ಆದರೆ ಇನ್ನೊಂದು ಎಡವಟ್ಟಾದರೆ ವಾಪಸ್ ಕಳಿಸಿಬಿಡ್ತೀನಿ.”

ಎಲೀಷ ಬೆರಳು ಮಡಿಸಿ ಲೆಕ್ಕ ಹಾಕಿದ. ಅವ್ವ ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಆದರೂ ಎಲ್ಲಿ ತಪ್ಪಿತೋ ತಿಳಿಯಲಿಲ್ಲ. ಫೋನು ಮಾಡಿದ. ಈ ಸಲ ರೂತವ್ವ ಹಣೆ ಬಡಿದುಕೊಳ್ಳಲಿಲ್ಲ, ಅತ್ತಳು.

“ಯೇಸಪ್ಪಾ! ಪಾಸ್ಟರನ್ನ ಎತ್ತಿದೇನೋ! ಇನ್ನ ಓಡಬ್ಯಾಡ, ಎತ್ತಬ್ಯಾಡ. ಕಣ್ಣು ಮುಚ್ಚಿ ತೆಪ್ಪಗ ಕುಂದ್ರು. ಯಾರರ ಆಮೆನ್ ಅನ್ನೋ ತನಕ ಕಣ್ಣು ತೆಗೀಬ್ಯಾಡ.”

“ಹೂಂ ಬೇ. ಹಂಗ ಮಾಡ್ತೀನಿ.”

ವಾರ್ಡಿನಲ್ಲಿ ಹಿಲ್ಡಜ್ಜಿ ಅಂತ ಒಬ್ಬಳಿದ್ದಳು. ಮೀನುಗಾರನ ಹೆಂಡತಿ. ಗಂಡ ತೀರಿಕೊಂಡಾಗಿನಿಂದ ಊಟ ಅಂದರೆ ಮುಖ ತಿರುಗಿಸುತ್ತಿದ್ದಳು. ಚಮಚ ಹತ್ತಿರ ಬಂದರೆ ತುಟಿ ಬಿಗಿ. ಕರುಣೆಯಿಂದ ಕರೆದರೆ ಇನ್ನೂ ಬಿಗಿ. ಸಿಸ್ಟರ್ ಸೋಲ್ವಿ ಮೀನಿನ ಸಾರಿನ ಬಟ್ಟಲನ್ನು ಎಲೀಷನ ಮುಂದಿಟ್ಟಳು.

“ಇವಳನ್ನು ನೋಡಿಕೋ. ಇದೇ ನಿನಗೆ ಕಡೆಯ ಅವಕಾಶ.”

ಎಲೀಷ ಕಣ್ಣು ಮುಚ್ಚಿ ತೆಪ್ಪಗೆ ಕುಳಿತ. ಹಿಲ್ಡಜ್ಜಿ ತುಟಿ ಬಿಗಿದು ಚಮಚಕ್ಕಾಗಿ ಕಾದಳು. ಚಮಚ ಬರಲಿಲ್ಲ. ಇನ್ನಷ್ಟು ಬಿಗಿದಳು. ಬರಲೇ ಇಲ್ಲ.

“ಏಯ್! ನಿದ್ದೆ ಮಾಡ್ತಿದ್ದೀಯಾ?”

“ಇಲ್ರಿ ಅಜ್ಜಿ. ಪ್ರಾರ್ಥನೆ.”

“ಯಾವಾಗ ಮುಗಿಯುತ್ತೆ?”

“ಯಾರರ ಆಮೆನ್ ಅಂದಾಗ.”

ಅಜ್ಜಿ ಬಟ್ಟಲು ನೋಡಿದಳು. ಇವನನ್ನು ನೋಡಿದಳು. ಸಾರಿನ ಹಬೆ ಕಡಿಮೆಯಾಗುತ್ತಿತ್ತು.

“ಸರಿ ಸರಿ, ಆಮೆನ್! ಎದ್ದುಹೋಗು!”

ಎಲೀಷ ಕಣ್ಣು ತೆಗೆದ. ಕಿವಿಯಲ್ಲಿ ಆಮೆನ್, ಕಣ್ಣೆದುರು ಬಟ್ಟಲು. ಬೆಟಗೇರಿಯ ಮನೆಯಲ್ಲಿ ಆಮೆನ್ ಆದಮೇಲೆ ಊಟವೇ ತಾನೆ? ಬಟ್ಟಲು ಎತ್ತಿದ. ಸುರ್ರೆಂದು ಕುಡಿದ. ತಳದ ಆಲೂಗಡ್ಡೆಯನ್ನೂ ಬಿಡಲಿಲ್ಲ.

“ಅಯ್ಯೋ! ಅದು ನಂದು!” ಹಿಲ್ಡಜ್ಜಿಯ ಕೂಗಿಗೆ ಇಡೀ ವಾರ್ಡು ತಿರುಗಿತು. “ಸೋಲ್ವಿ! ಈ ಹುಡುಗ ನನ್ನ ಸಾರು ಕುಡಿದುಬಿಟ್ಟ! ಇನ್ನೊಂದು ಬಟ್ಟಲು ತಾ! ಬೇಗ!”

ಬೈಯಲು ಬಂದ ಸಿಸ್ಟರ್ ಸೋಲ್ವಿ ಬಾಗಿಲಲ್ಲೇ ನಿಂತಳು. ಆಮೇಲೆ ಓಡಿದಳು. ಹಿಲ್ಡಜ್ಜಿ ಎರಡನೇ ಬಟ್ಟಲನ್ನು ಎದೆಗೆ ಅವಚಿಕೊಂಡು, ಎಲೀಷನನ್ನೇ ದುರುಗುಟ್ಟಿ ನೋಡುತ್ತ, ಪೂರ್ತಿ ಕುಡಿದಳು.

ಸಿಸ್ಟರ್ ಸೋಲ್ವಿ ಕಣ್ಣೊರೆಸಿಕೊಂಡಳು. “ಎಲೀಷ, ನೀನು ಎಲ್ಲಿಗೂ ಹೋಗೋದು ಬೇಡ. ನಾಳೆಯಿಂದ ವಾರ್ಡಿನ ಎಲ್ಲರನ್ನೂ ಹೀಗೇ ನೋಡಿಕೋ!”

“ಹೂಂ ಸಿಸ್ಟರ್. ಹಂಗ ಮಾಡ್ತೀನಿ.”

ಮರುದಿನ ಮಧ್ಯಾಹ್ನ ಎಲೀಷ ಇಡೀ ವಾರ್ಡಿನ ಸಾರು ಕುಡಿದ. ಹಿಲ್ಡಜ್ಜಿಯದೊಂದು ಬಿಟ್ಟು. ಅವಳು ಆಮೆನ್ ಅನ್ನಲೇ ಇಲ್ಲ.