ಶಲ್ಯ ತೆಗೆದ ಶುಕ್ರವಾರದ ಕಥೆ

ದೀಪದ ಸುತ್ತ ಕೂತವರೆಲ್ಲ ಕೈಯಲ್ಲಿ ಅಕ್ಷತೆ ಹಿಡಿದು ಕೇಳಿರಿ. ನನ್ನ ಹಳೆಯ ದಿನಚರಿಯಲ್ಲಿ ೧೯೮೪ನೆಯ ಇಸವಿ ಆಗಸ್ಟ್ ೧೦, ವರಮಹಾಲಕ್ಷ್ಮಿಯ ಶುಕ್ರವಾರ ಎಂದು ಬರೆದಿರುವ ದಿನ ಈ ವ್ರತ ನಮ್ಮ ಮನೆತನದಲ್ಲಿ ಹುಟ್ಟಿತು. ಪುರಾಣದಲ್ಲಿ ಹುಡುಕಬೇಡಿ, ಅಲ್ಲಿ ಇಲ್ಲ.

ಹೇಮಾವತಿಯ ದಡದ ಅಗ್ರಹಾರದಲ್ಲಿ ನನ್ನ ಮೈದುನ ಶ್ರೀಕಂಠಯ್ಯನೆಂಬ ಸಂಸ್ಕೃತ ಪಂಡಿತನೂ ಅವನ ಹೆಂಡತಿ ವೇದವತಿಯೂ ಇದ್ದರು. ಅವನು ವೇದಾಂತ ಪಾಠ ಹೇಳುತ್ತ, ಮಠದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತ, ಮನೆಗೆ ಬಂದು ಒಳಕೋಣೆಯ ಬಾಗಿಲು ಹಾಕಿಕೊಂಡು ಬ್ರಾಂದಿ ಕುಡಿಯುತ್ತ ಕಾಲ ಕಳೆಯುತ್ತಿರಲು, ಮದ್ಯವನ್ನು ಮಹಾಪಾತಕವೆನ್ನುವ ನಮ್ಮ ಜನ ಅದಕ್ಕೆ ಪಿತ್ತವೆಂದು ಹೆಸರಿಟ್ಟರು. ನಡೆ ತಪ್ಪಿದರೆ ಪಿತ್ತ, ವಾಂತಿಯಾದರೆ ಪಿತ್ತ, ಕಣ್ಣು ಹಳದಿಯಾದರೂ ಪಿತ್ತವೇ ಆಗಿ, ನಿಂಬೆ ಪಾನಕ ಕೊಟ್ಟರೇ ಹೊರತು ವೈದ್ಯರನ್ನು ಕರೆಯಲಿಲ್ಲ. ಕರೆದರೆ ನಿಜ ಹೇಳಬೇಕಾಗುತ್ತಿತ್ತು.

ದಂಪತಿ ಕೂತು ಮಾಡುವ ಪೂಜೆಗೆ ಗಂಡ ಊರಲ್ಲಿಲ್ಲದಿದ್ದರೆ ಅವನ ಶಲ್ಯವನ್ನು ಮಣೆಯ ಮೇಲಿಟ್ಟು ಸಂಕಲ್ಪ ಮಾಡುವುದು ನಮ್ಮಲ್ಲಿಯ ಪದ್ಧತಿ. ಹಾಗಾಗಿ ಹಬ್ಬ ಬಂದಾಗಲೆಲ್ಲ ಶ್ರೀಕಂಠಯ್ಯ ಪರಸ್ಥಳಕ್ಕೆ ಹೋದನೆಂದಾಗಿ, ಶಲ್ಯಕ್ಕೆ ಅಕ್ಷತೆ ಬಿದ್ದು, ಶಲ್ಯಕ್ಕೆ ಆರತಿಯಾಗಿ, ಮನುಷ್ಯ ಗೋಡೆಯಾಚೆ ಬಿದ್ದಿರುತ್ತಿದ್ದ.

ಆ ಶುಕ್ರವಾರ ಶಾಸ್ತ್ರಿಗಳು ಶಲ್ಯ ಹಾಸಿದೊಡನೆ ವೇದವತಿ ಅದನ್ನು ತೆಗೆದು ಮಡಿಸಿ ಬದಿಗಿಟ್ಟಳು.

"ಊರಲ್ಲಿಲ್ಲ ಅಂತ ಲಕ್ಷ್ಮಿ ಎದುರಿಗೆ ಸುಳ್ಳು ಹೇಳಲ್ಲ ಶಾಸ್ತ್ರಿಗಳೇ. ಒಳಗಿದ್ದಾರೆ, ಕುಡಿದಿದ್ದಾರೆ. ಹೀಗೇ ಬಿಟ್ಟರೆ ಸಾಯ್ತಾರೆ."

ನಮ್ಮ ಗಂಡಂದಿರ ಅಕ್ಕ ಕನಕಮ್ಮ, ಮೆಲ್ಲಗೆ ಹೇಳೇ, ಮಗಳ ಮದುವೆ ಗೊತ್ತಾಗಿದೆ, ಬೀದಿಗೆ ಕೇಳೀತು ಎಂದರು.

"ಬೀದಿಗೆ ಗೊತ್ತು ಅತ್ತಿಗೆ. ಬಾಟ್ಲಿ ತಂದುಕೊಡೋದೇ ಬೀದಿ. ಗೊತ್ತಿಲ್ಲದ ಹಾಗೆ ಇರೋರು ನಾವು."

ಶಾಸ್ತ್ರಿಗಳು ಪಂಚಾಂಗ ಕಟ್ಟಿಕೊಂಡು ಎದ್ದುಹೋಗಲು, ಅವಳು ಬರಿಯ ಮಣೆಯ ಪಕ್ಕದಲ್ಲಿ ಕೂತು ತಾನೇ ಪೂಜೆ ಮುಗಿಸಿ, ಆರತಿ ತಟ್ಟೆ ಕೆಳಗಿಟ್ಟವಳೇ ಹೋಗಿ ವೈದ್ಯರನ್ನು ಕರೆತಂದಳು. ರೋಗಕ್ಕೆ ಅದರ ಹೆಸರು ಸಿಕ್ಕ ಮೇಲೆ ಔಷಧಿಯೂ ಸಿಕ್ಕಿತು. ಶ್ರೀಕಂಠಯ್ಯ ದೀಪಾವಳಿಯವರೆಗೆ ಹೆಂಡತಿಯೊಡನೆ ಮಾತು ಬಿಟ್ಟ. ಆದರೂ ವೈದ್ಯರ ಮಾತಿನಂತೆ, ಕುಡಿತ ಬಿಡುವವರು ಇಗರ್ಜಿಯ ಹಜಾರದಲ್ಲಿ ಸೇರುವ ಕೂಟಕ್ಕೆ ಹೋಗತೊಡಗಿ, ಬಡಗಿ ಪಾಸ್ಕಲ್ ಮತ್ತು ದರ್ಜಿ ಗೌಸ್ ಸಾಹೇಬರ ನಡುವೆ ಬೆಂಚಿನ ಮೇಲೆ ಕೂತು, ನಾನು ಕುಡುಕ ಎನ್ನುವುದನ್ನು ಕಲಿತ.

ಅಷ್ಟು ವರ್ಷ ಅವನ ಕುಡಿತವನ್ನು ಸೈರಿಸಿದ್ದ ಅಗ್ರಹಾರ ಅವನು ಇಗರ್ಜಿಯ ಮೆಟ್ಟಿಲು ಹತ್ತಿದ್ದನ್ನು ಸೈರಿಸಲಿಲ್ಲ. ಪ್ರಾಯಶ್ಚಿತ್ತ ಮಾಡಿಕೊಂಡು, ಆಗಿದ್ದದ್ದು ಪಿತ್ತವೇ ಎಂದು ಒಪ್ಪಿದರೆ ತೀರ್ಥ ಕೊಡುವೆವೆಂದು ಮಠದವರು ಹೇಳಿಕಳಿಸಲು, ನಮಗೆ ಬಾವಿಯ ನೀರೇ ಸಾಕೆಂದು ವೇದವತಿ ತಿರುಗಿ ಹೇಳಿಕಳಿಸಿದಳು. ಮುಂದಿನ ಶ್ರಾವಣದಲ್ಲಿ ಅವನೇ ಸ್ನಾನ ಮಾಡಿ ಬಂದು ಮಣೆಯ ಮೇಲೆ ಕೂತ. ಕೈಯಿಂದ ಅಕ್ಷತೆ ಚೆಲ್ಲಿತು, ಅವಳು ಆಯ್ದುಕೊಟ್ಟಳು.

ಈ ಕಥೆಯನ್ನು ಓದಿದ ಮನೆಯಲ್ಲೂ ಕೇಳಿದ ಮನೆಯಲ್ಲೂ, ಕೇಳಿ ಮುಖ ತಿರುಗಿಸಿದ ಮನೆಯಲ್ಲೂ, ವೇದವತಿಗಾದ ಫಲವೇ ಆಗಲಿ.

ಆ ಫಲಕ್ಕೆ ತೆತ್ತದ್ದನ್ನೂ ಹೇಳುತ್ತೇನೆ. ಮಗಳು ಪದ್ಮಿನಿಯ ಸಂಬಂಧ ಮುರಿಯಿತು; ಅವಳು ಮದುವೆಯಾಗಲೇ ಇಲ್ಲ. ಕನಕಮ್ಮ ಸಾಯುವವರೆಗೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಯಕೃತ್ತು ಆಗಲೇ ಕೆಟ್ಟಿದ್ದರಿಂದ ಶ್ರೀಕಂಠಯ್ಯ ಆಮೇಲೆ ಬದುಕಿದ್ದು ಒಂಬತ್ತು ವರ್ಷ, ಒಂದು ತೊಟ್ಟೂ ಮುಟ್ಟದೆ. ಅವನು ಹೋದ ದಿನ ಅಗ್ರಹಾರದಿಂದ ಯಾರೂ ಬರಲಿಲ್ಲ. ಕೂಟದವರು ಹೊತ್ತರು.